ಬಾಟ್ಲಕ್ಕನ ಮೂಗು

ಗುಜರಿಯವನ ತಳ್ಳುಗಾಡಿ ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಅವಳು ಒಲೆ ಆರಿಸಿ ಒದ್ದೆ ಕೈಯಲ್ಲೇ ಹೊರಗೆ ಬರುತ್ತಿದ್ದಳು. ಹಳೆ ಪೇಪರು, ಕಾಲು ಮುರಿದ ಕುರ್ಚಿ, ತುಕ್ಕು ತಿಂದ ಕಬ್ಬಿಣದ ನಡುವಿನಿಂದ ಅವನು ಖಾಲಿ ವೈನ್ ಬಾಟಲಿಗಳನ್ನು ಆರಿಸಿ ಮನೆಯ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದ. ಅವಳು ಒಂದೊಂದನ್ನೂ ಎತ್ತಿ, ಅದರ ಬಾಯಿಗೆ ಮೂಗು ಹಿಡಿದು, ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡು, ಕೆಲವನ್ನು ಬಲಕ್ಕೆ ಕೆಲವನ್ನು ಎಡಕ್ಕೆ ಇಡುತ್ತಿದ್ದಳು. ಎಡಕ್ಕೆ ಹೋದದ್ದು ಅವನ ಗಾಡಿಗೆ ವಾಪಸ್ಸು.

"ಇದ್ಯಾಕೆ ಬೇಡ? ಒಳ್ಳೇ ಬಾಟ್ಲಿ, ಒಂದು ಗೀರಿಲ್ಲ."

"ಸೀಮೆಎಣ್ಣೆ ತುಂಬಿಟ್ಟಿದ್ದಾರೆ ಕಣೋ ಇದ್ರಲ್ಲಿ."

"ತೊಳೆದ್ರೆ ಹೋಗುತ್ತೆ ಬಿಡಿ."

"ತೊಳೆಯೋಳು ನಾನು ತಾನೇ? ನೀನು ಹೋಗುತ್ತೆ ಅಂದ ಮಾತ್ರಕ್ಕೆ ಹೋಗಿಬಿಡುತ್ತಾ?"

ಅವನೇ ಅವಳಿಗೆ ಬಾಟ್ಲಕ್ಕ ಅಂತ ಹೆಸರಿಟ್ಟವನು. "ಬಾಟ್ಲಕ್ಕಾ, ಇವತ್ತು ಒಳ್ಳೇ ಮಾಲಿದೆ" ಎಂದು ಅವನು ಕೂಗುವುದನ್ನು ಕೇಳಿ ಕೇಳಿ ಅಕ್ಕಪಕ್ಕದ ಮನೆಯವರೂ ಹಾಗೇ ಕರೆಯತೊಡಗಿದರು. ಅವಳಿಗೆ ಬೇಸರವಾಗಲಿಲ್ಲ. ಮೊದಲು ಎಲ್ಲರೂ ಮೇಷ್ಟ್ರ ಹೆಂಡತಿ ಅನ್ನುತ್ತಿದ್ದರು. ಅದಕ್ಕಿಂತ ಇದು ವಾಸಿ, ಇದರಲ್ಲಿ ತಾನು ಮಾಡುವ ಕೆಲಸವಾದರೂ ಇದೆ ಅನ್ನಿಸಿತು.

ಗಂಡ ಡ್ರಾಯಿಂಗ್ ಮೇಷ್ಟ್ರು. ಕೆಲಸದಲ್ಲಿದ್ದಾಗಲೇ ಅವರಿಗೆ ವೈನ್ ಮಾಡುವ ಹುಚ್ಚು ಹತ್ತಿತ್ತು. ಯಾರೋ ಸಹೋದ್ಯೋಗಿ ಮನೆಯಲ್ಲಿ ಮಾಡಿದ ದ್ರಾಕ್ಷಿಯ ವೈನ್ ಕುಡಿದು ಬಂದವರು, "ಇಷ್ಟೇ ತಾನೇ, ನಾವೂ ಮಾಡೋಣ" ಅಂದರು. ಆ "ನಾವು" ಎಂಬುದರಲ್ಲಿ ಅವಳ ಪಾಲು ಏನೆಂದು ಅಂದು ಯಾರೂ ಬಿಡಿಸಿ ಹೇಳಲಿಲ್ಲ. ದ್ರಾಕ್ಷಿ ತಂದರು, ಹಿಸುಕಿದರು, ಸಕ್ಕರೆ ಬೆರೆಸಿದರು, ಜಾಡಿಗೆ ಸುರಿದರು. ಕೈಯೆಲ್ಲ ನೇರಳೆ ಬಣ್ಣ ಮಾಡಿಕೊಂಡು, ಮಗನನ್ನು ಹೆದರಿಸಿ ನಗಿಸಿದರು. ಆಮೇಲೆ ಹಿಂದಿನ ಬಾಗಿಲ ಕಡೆ ತಿರುಗಿ, "ಏನೇ, ಇವನ್ನೆಲ್ಲ ಸ್ವಲ್ಪ ತೊಳೆದಿಡು" ಅಂದರು.

ಆ "ಸ್ವಲ್ಪ" ಅವಳ ಆಯುಷ್ಯದ ಅರ್ಧವನ್ನು ನುಂಗಿತು.

ಮನೆಯ ಹಿಂದೆ, ಅಡುಗೆಮನೆಗೂ ಕಾಂಪೌಂಡು ಗೋಡೆಗೂ ನಡುವೆ, ತಗಡು ಹೊದಿಸಿದ ಇಕ್ಕಟ್ಟಾದ ಜಾಗ. ಅಲ್ಲಿ ಒಂದು ನಲ್ಲಿ, ಒಂದು ಮೋರಿ, ಒಂದು ದೊಡ್ಡ ತೊಟ್ಟಿ, ಕೂರಲು ಒಂದು ಮಣೆ. ಜಾಡಿಗಳು ಹೊಟ್ಟೆ ದೊಡ್ಡವು, ಕುತ್ತಿಗೆ ಸಣ್ಣವು. ಕೈ ಒಳಗೆ ಹೋಗುವುದಿಲ್ಲ. ಹುದುಗು ಬಂದು ಇಳಿದ ಮೇಲೆ ತಳದಲ್ಲಿ ಕೆಸರಿನಂತೆ ಗಷ್ಟು ಕೂತಿರುತ್ತದೆ, ಹೆಗಲ ಬಳಿ ನೊರೆ ಒಣಗಿ ಹಕ್ಕಳೆ ಕಟ್ಟಿರುತ್ತದೆ. ಅದು ನೀರಿಗೂ ಜಗ್ಗದು, ಬೈಗುಳಕ್ಕೂ ಜಗ್ಗದು. ಬಿಸಿನೀರಿಗೆ ಸೋಡಾ ಹಾಕಿ ನೆನೆಯಲು ಬಿಡಬೇಕು, ತಂತಿ ಬಗ್ಗಿಸಿ ಕಟ್ಟಿದ ಬ್ರಷ್ಷನ್ನು ಒಳಗೆ ಬಿಟ್ಟು ಉಜ್ಜದೆ ತಿರುಗಿಸಬೇಕು. ಉಜ್ಜಿದರೆ ಗಾಜಿನಲ್ಲಿ ಗೀರು ಬೀಳುತ್ತದೆ, ಗೀರಿನೊಳಗೆ ಕೊಳೆ ಮನೆ ಮಾಡುತ್ತದೆ. ವೈನ್ ಇಳಿಸುವ ರಬ್ಬರ್ ಕೊಳವೆಯೊಳಗೆ ದಾರ ತೂರಿಸಿ, ದಾರದ ತುದಿಗೆ ಬಟ್ಟೆಚೂರು ಕಟ್ಟಿ ಎಳೆಯಬೇಕು. ಜಾಡಿಯ ಬಾಯಿಗೆ ಸಿಕ್ಕಿಸಿ ಗುಳ್ಳೆ ಬಿಡಿಸುವ ಪುಟ್ಟ ಗಾಜಿನ ಕೊಳವೆಯನ್ನು ಕೂಸಿನ ಮೂಗು ಒರೆಸುವಷ್ಟು ನಾಜೂಕಾಗಿ ತೊಳೆಯಬೇಕು. ಇಷ್ಟಾದರೆ ಕೊಳೆ ಹೋಯಿತು ಎಂದಷ್ಟೇ ಅರ್ಥ. ಆಮೇಲೆ ಮೆಡಿಕಲ್ ಸ್ಟೋರಿನಿಂದ ತಂದ ಗಂಧಕದ ಪುಡಿಯನ್ನು ನೀರಿಗೆ ಬೆರೆಸಿ ಎಲ್ಲದರೊಳಗೂ ಆಡಿಸಿ, ಬೋರಲು ಹಾಕಿ, ಬಟ್ಟೆ ತಾಗಿಸದೆ ತಾನೇ ಆರಲು ಬಿಡಬೇಕು. ಕಣ್ಣಿಗೆ ಕಾಣದ್ದು ಸಾಯುವುದು ಆಗಲೇ.

ಕಣ್ಣಿಗೆ ಕಾಣದ್ದು ಸತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕೆ ಅವಳ ಮೂಗಿತ್ತು. ಹುಳಿ ಹತ್ತಿದ ಜಾಡಿಯನ್ನು ಬಾಗಿಲಲ್ಲೇ ಗುರುತಿಸುತ್ತಿದ್ದಳು. ರಬ್ಬರ್ ಕೊಳವೆ ಮುಗ್ಗಲು ಹಿಡಿಯುವ ಮೊದಲೇ, ಇನ್ನು ಇದು ಬೇಡ ಎಂದು ಎಸೆಯುತ್ತಿದ್ದಳು. ಗಂಧಕದ ಪುಡಿ ಹಳತಾಗಿ ಶಕ್ತಿ ಕಳೆದುಕೊಂಡರೆ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ತಿಳಿಯುತ್ತಿತ್ತು.

ವರ್ಷಕ್ಕೊಮ್ಮೆ, ಒಂದು ಭಾನುವಾರ, ಮೇಷ್ಟ್ರ ಗೆಳೆಯರು ಬಂದು ಹೊಸ ಬಾಟಲಿ ತೆರೆಯುತ್ತಿದ್ದರು. ಹಲ್ಲಿನ ಡಾಕ್ಟರು, ರಿಟೈರಾದ ಹೆಡ್ ಮಾಸ್ತರು, ಮೆಡಿಕಲ್ ಸ್ಟೋರಿನವರು. ಮೇಷ್ಟ್ರು ಪ್ರತಿ ಬಾಟಲಿಗೂ ತಾವೇ ಬಣ್ಣದಲ್ಲಿ ದ್ರಾಕ್ಷಿಗೊಂಚಲು ಬರೆದು, ಕೆಳಗೆ ರುಜು ಹಾಕಿ ಚೀಟಿ ಅಂಟಿಸುತ್ತಿದ್ದರು. "ಏನು ಕೈಗುಣ ಮೇಷ್ಟ್ರೇ ನಿಮ್ದು!" ಎಂದು ಹಲ್ಲಿನ ಡಾಕ್ಟರು ಅನ್ನುವುದು, "ತಾಳ್ಮೆ ಸಾರ್, ವೈನ್ ಅಂದ್ರೆ ತಾಳ್ಮೆ" ಎಂದು ಮೇಷ್ಟ್ರು ಅನ್ನುವುದು ಪ್ರತಿ ವರ್ಷದ ಮಾತು. ಅವಳು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಕುಡಿದು ಮುಗಿದ ಬಾಟಲಿಗಳು ತೊಟ್ಟಿಗೆ ಬರುತ್ತಿದ್ದವು. ದ್ರಾಕ್ಷಿಗೊಂಚಲು, ರುಜು ಎಲ್ಲವನ್ನೂ ನೆನೆಹಾಕಿ ಉಗುರಿನಿಂದ ಕೆರೆದು ಮೋರಿಗೆ ಬಿಡುವುದೂ ಅವಳದೇ ಕೆಲಸ. ಮೇಷ್ಟ್ರು ಬಳಸುವ ಅಂಟು ಭಾರಿ ಗಟ್ಟಿ.

ಮಗ ಬೆಳೆದು ವೈರಿಂಗ್ ಕೆಲಸಕ್ಕೆ ಸೇರಿದ. ಮದುವೆಯಾಯಿತು. ಸೊಸೆ ಬಂದಳು.

ಸೊಸೆ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಮಾರಾಟದ ಹುಡುಗಿ. ಅಲ್ಲಿ ಗಿರಾಕಿ ಇದ್ದರೂ ಇಲ್ಲದಿದ್ದರೂ ಕೂರುವಂತಿಲ್ಲ. ಗೋಡೆಗೆ ಒರಗಿದರೂ ಮ್ಯಾನೇಜರು ಕೆಮ್ಮುತ್ತಾನೆ. ಸಂಜೆ ಮನೆಗೆ ಬಂದಾಗ ಅವಳ ಕಾಲು ಚಪ್ಪಲಿಯಿಂದ ಹೊರಗೆ ಉಕ್ಕಿರುತ್ತಿತ್ತು. ಮೊದಲ ಸಲ ಅದನ್ನು ಕಂಡ ದಿನ ಬಾಟ್ಲಕ್ಕ ಜಾಡಿಗೆಂದು ಕಾಸಿದ ನೀರನ್ನು ಸಣ್ಣ ತೊಟ್ಟಿಗೆ ಸುರಿದು, ಉಪ್ಪು ಹಾಕಿ, ಮಣೆಯ ಪಕ್ಕದಲ್ಲಿಟ್ಟಳು.

"ನಂಗಾ ಅತ್ತೆ?"

"ಮತ್ತೆ ಬಾಟ್ಲಿಗಾ? ಬಾಟ್ಲಿಗೆ ಉಪ್ಪು ಹಾಕ್ತಾರಾ? ಕಾಲಿಡು."

ಅಲ್ಲಿಂದ ಮುಂದೆ ಸಂಜೆಯಾದರೆ ಇಬ್ಬರೂ ಅಲ್ಲೇ. ಒಬ್ಬಳು ತೊಟ್ಟಿಯೊಳಗೆ ಕೈ ಇಟ್ಟುಕೊಂಡು, ಒಬ್ಬಳು ಕಾಲು ಇಟ್ಟುಕೊಂಡು. ಸೊಸೆ ಅಂಗಡಿಯ ಗಿರಾಕಿಗಳನ್ನು ಅಣಕಿಸಿ ತೋರಿಸುತ್ತಿದ್ದಳು. ಒಮ್ಮೆ ಅವಳು ಬ್ರಷ್ಷಿಗೆ ಕೈ ಹಾಕಿದಾಗ ಬಾಟ್ಲಕ್ಕ ಪಟ್ಟನೆ ಕಿತ್ತುಕೊಂಡಳು. "ಮುಟ್ಟಬೇಡ. ಒಂದ್ಸಲ ಮುಟ್ಟಿದ್ರೆ ಆಯ್ತು, ಆಮೇಲೆ ಅದು ನಿನ್ನ ಕೈ ಬಿಡಲ್ಲ."

ಆ ವರ್ಷ ಊರಿಗೆಲ್ಲ ಜ್ವರ ಬಂತು, ಮನೆಯಲ್ಲಿ ಎಲ್ಲರೂ ಮಲಗಿದರು. ಎಲ್ಲರಿಗಿಂತ ಮೊದಲು ಎದ್ದವಳು ಬಾಟ್ಲಕ್ಕ. ವಾಸಿಯಾಗಿ ಎದ್ದದ್ದಲ್ಲ, ಯಾರಾದರೂ ಒಲೆ ಹಚ್ಚಬೇಕಿತ್ತು. ತಿಂದದ್ದೆಲ್ಲ ಒದ್ದೆ ಬಟ್ಟೆ ಅಗಿದಂತಿತ್ತು. ಜ್ವರದ ಬಾಯಿ, ಸರಿಹೋಗುತ್ತೆ ಅಂದುಕೊಂಡಳು. ಕೈಕಾಲಿಗೆ ತ್ರಾಣ ಬಂದ ಮೇಲೆ ಹಿಂದುಗಡೆ ಹೋಗಿ, ಜ್ವರದಲ್ಲಿ ತೊಳೆಯದೆ ಬಿಟ್ಟಿದ್ದ ಜಾಡಿಯ ಬಟ್ಟೆ ಬಿಚ್ಚಿದಳು. ತಳದ ಗಷ್ಟಿನ ಮೇಲೆ ಬಿಳಿ ಬೂಷ್ಟು ಕಟ್ಟಿತ್ತು, ನೊಣದ ಹಿಂಡು ಎದ್ದಿತು. ಅದರ ಬಾಯಿಗೆ ಮೂಗು ಒಡ್ಡಿ ಉಸಿರೆಳೆದಳು. ಏನೂ ಇಲ್ಲ. ಜಾಡಿಯೊಳಗೆ ಮೂಗು ತೂರಿಸಿ ಮತ್ತೆ ಎಳೆದಳು. ಖಾಲಿ ಗೋಡೆ ಮೂಸಿದಂತೆ. ಅಡುಗೆಮನೆಗೆ ಬಂದು ಈರುಳ್ಳಿ ಹೆಚ್ಚಿದಳು. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಮಗನ ದಿಂಬು ಮೂಸಿದಳು. ಸೋಪು ಮೂಸಿದಳು. ಕೊನೆಗೆ ತನ್ನದೇ ಅಂಗೈ ಮೂಸಿದಳು.

ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ, "ಕೆಲವರಿಗೆ ವಾಪಸ್ ಬರುತ್ತೆ, ಕೆಲವರಿಗೆ ಇಲ್ಲ, ಕಾಯ್ಬೇಕು" ಅಂದರು. ಅವಳು ತಲೆಯಾಡಿಸಿ ಎದ್ದು ಬಂದಳು. ಕಾಯುವುದು ಅವಳಿಗೆ ಹೊಸದೇನಲ್ಲ.

ಮನೆಯಲ್ಲಿ ಹೇಳಿಬಿಡಬೇಕು ಎಂದೇ ಹೊರಟಿದ್ದಳು. ಆದರೆ ಆ ಸಂಜೆ ಕಾಫಿ ತಟ್ಟೆ ಹಿಡಿದು ಮುಂದಿನ ಕೋಣೆಗೆ ಹೋಗುವಾಗ ಬಾಗಿಲ ಪರದೆಯ ಹಿಂದೆ ಅವಳ ಕಾಲು ನಿಂತಿತು. ಒಳಗೆ ಹಲ್ಲಿನ ಡಾಕ್ಟರು ಹೇಳುತ್ತಿದ್ದರು, "ಜ್ವರದಲ್ಲಿ ನಿಮ್ಮನೆಯವರು ತುಂಬ ಇಳಿದುಹೋಗಿದ್ದಾರೆ ಮೇಷ್ಟ್ರೇ. ಈ ವಯಸ್ಸಲ್ಲಿ ಅಷ್ಟೆಲ್ಲ ತೊಳೆಯೋದು ಅವರ ಕೈಲಾಗುತ್ತಾ?"

"ಆಗದಿದ್ರೆ ಸೊಸೆ ಇದ್ದಾಳಲ್ಲ ಸಾರ್," ಅಂದರು ಮೇಷ್ಟ್ರು, ತುಂಬ ಅಕ್ಕರೆಯಿಂದ. "ದಿನಾ ಪಕ್ಕದಲ್ಲೇ ಕೂತು ನೋಡ್ತಿರ್ತಾಳೆ. ಕಲಿತುಬಿಟ್ಟಿರ್ತಾಳೆ."

ಬಾಟ್ಲಕ್ಕ ಕಾಫಿ ಇಟ್ಟಳು. ಹಿಂದುಗಡೆ ಹೋದಾಗ ಸಣ್ಣ ತೊಟ್ಟಿ ಗೋಡೆಗೆ ಒರಗಿಸಿದ್ದು ಕಂಡಿತು. ಉಪ್ಪುನೀರಿನ ಗೆರೆ ಅದರ ಒಳಗೆ ಬೆಳ್ಳಗೆ ಕೂತಿತ್ತು. ತನ್ನ ಮೂಗಿನ ಸುದ್ದಿ ಹೊರಬಿದ್ದ ದಿನವೇ ಆ ಹುಡುಗಿಯ ಕಾಲು ನೀರಿನಿಂದ ಎದ್ದು ಕೈ ನೀರಿಗೆ ಇಳಿಯುತ್ತದೆ ಎಂಬುದು ಅವಳಿಗೆ ಹಗಲಿನಷ್ಟು ಸ್ಪಷ್ಟವಾಯಿತು.

ಹಾಗಾಗಿ ನಟಿಸತೊಡಗಿದಳು. ಗುಜರಿಯವನ ಬಾಟಲಿಗಳನ್ನು ಮೊದಲಿನಂತೆಯೇ ಎತ್ತಿ, ಕಣ್ಣು ಮುಚ್ಚಿ, ಉಸಿರೆಳೆದು, ಸುಮ್ಮನೆ ಮನಸ್ಸಿಗೆ ಬಂದ ಹಾಗೆ ಎಡಕ್ಕೂ ಬಲಕ್ಕೂ ಇಟ್ಟಳು. "ಬಾಟ್ಲಕ್ಕಾ, ಇದು ನೀವೇ ಹೋದ ಸಲ ಬೇಡ ಅಂದಿದ್ದು" ಎಂದು ಅವನು ನಕ್ಕಾಗ, "ಈಗ ಬೇಕು ಅಂತಿದ್ದೀನಲ್ಲ, ನಿಂಗೇನು ಕಷ್ಟ?" ಎಂದು ಗದರಿದಳು.

ಮೂಗು ಮಾಡುತ್ತಿದ್ದ ಕೆಲಸವೂ ಕೈಗೇ ಬಂತು. ಸಾಕು ಎಂದು ಹೇಳುವವರು ಇಲ್ಲದ ಮೇಲೆ ಎಷ್ಟು ತೊಳೆದರೂ ಸಾಲದು. ತೊಳೆದದ್ದನ್ನೇ ತೊಳೆದಳು. ಆರಲು ಇಟ್ಟ ಜಾಡಿಯನ್ನು ಮತ್ತೆ ನೆನೆಹಾಕಿದಳು. ಗಂಧಕದ ಪುಡಿಯ ಡಬ್ಬಿ ತೆರೆದು ಎಷ್ಟು ಮೂಸಿದರೂ ಅದಕ್ಕೆ ಜೀವವಿದೆಯೋ ಸತ್ತಿದೆಯೋ ತಿಳಿಯಲಿಲ್ಲ. ಹೊಸದು ತರಿಸಬೇಕೆಂದರೆ ಮೇಷ್ಟ್ರು "ಇದ್ಯಾಕೆ, ಹೋಗಿದ್ಯಾ?" ಎಂದು ಕೇಳುತ್ತಾರೆ. ಹೋಗಿದೆಯೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಕೊನೆಗೆ ನೀರಿನ ತೊಟ್ಟಿಗೆ ಹಾಕಲೆಂದು ತಂದಿಟ್ಟಿದ್ದ ಬ್ಲೀಚಿಂಗ್ ಪುಡಿಯ ಮೇಲೆ ಕಣ್ಣು ಬಿತ್ತು. ಎಂದೂ ಅದನ್ನು ಈ ಸಾಮಾನಿನ ಹತ್ತಿರ ಬಿಟ್ಟವಳಲ್ಲ, ಅದರ ವಾಸನೆಯೇ ಆಗುತ್ತಿರಲಿಲ್ಲ. ಈಗ ಆಗುವುದಕ್ಕೆ ವಾಸನೆಯೇ ಇರಲಿಲ್ಲ. ಅಂಟಿದ ಜಾಗದಲ್ಲಿ ಕೈ ಬೆಳ್ಳಗಾಗುತ್ತದೆ, ಹುಳ ಸಾಯುತ್ತದೆ, ಇಷ್ಟು ನಂಬಬಹುದು ಅನ್ನಿಸಿತು. ಜಾಡಿ, ಕೊಳವೆ, ಲಾಳಿಕೆ, ಬಾಟಲಿಗಳ ಬಿರಡೆ ಎಲ್ಲವನ್ನೂ ಅದರಲ್ಲಿ ಮುಳುಗಿಸಿದಳು. ಆಮೇಲೆ ಕೈಬೆರಳು ನೆನೆದು ಸುಕ್ಕುಗಟ್ಟಿ ಬಿಳಿಚುವ ತನಕ ನೀರಲ್ಲಿ ಜಾಲಿಸಿದಳು. ಬೆರಳ ಸಂದಿ ಬಿರಿಯಿತು. ರಾತ್ರಿ ಊಟಕ್ಕೆ ಕೂತಾಗ ಉಪ್ಪು ತಗಲಿ ಉರಿಯುತ್ತಿತ್ತು, ಆ ಉಪ್ಪಿನ ರುಚಿ ಮಾತ್ರ ನಾಲಿಗೆಗೆ ಅಷ್ಟಿಷ್ಟು ತಿಳಿಯುತ್ತಿತ್ತು.

ವೈನು ಬಾಟಲಿಗಿಳಿಯಿತು. ಮೇಷ್ಟ್ರು ಬಿರಡೆ ಒತ್ತಿ ದ್ರಾಕ್ಷಿಗೊಂಚಲು ಅಂಟಿಸಿದರು. ಬಾಟಲಿಗಳು ಮಂಚದ ಕೆಳಗೆ ಮಲಗಿದವು.

ಬೇಸಿಗೆಯಲ್ಲಿ ಒಂದು ದಿನ ಮೇಷ್ಟ್ರು ಮೂಗಿಗೆ ಕರವಸ್ತ್ರ ಹಿಡಿದು ಹಿಂದಿನ ಬಾಗಿಲಿಗೆ ಬಂದರು. "ಏನೇ ಇದು, ಏನೋ ಸತ್ತು ಕೊಳೆತಿದೆ ಇಲ್ಲಿ!" ಅವಳು ಮಣೆಯ ಮೇಲೆ ನೆಮ್ಮದಿಯಾಗಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಮಗ ಬಂದು ತೊಟ್ಟಿ ಸರಿಸಿದಾಗ ಅವಳ ಮಣೆಯ ಹಿಂದೆಯೇ ಹೆಗ್ಗಣವೊಂದು ಉಬ್ಬಿ ಬಿದ್ದಿತ್ತು.

"ಅಮ್ಮಾ, ಇದರ ಪಕ್ಕ ಹೇಗೆ ಕೂತಿದ್ಯೇ?"

"ನೆಗಡಿ ಕಣೋ."

ಸೊಸೆ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡೇ ಅತ್ತೆಯ ಮುಖ ನೋಡಿದಳು. ನೆಗಡಿಯ ಸುಳಿವೇ ಇರಲಿಲ್ಲ.

ಕೆಲವು ದಿನಗಳ ಮೇಲೆ ಸಂಜೆ ಬಂದವಳೇ ಎಂದಿನಂತೆ ನೀರಿಗೆ ಕಾಲಿಟ್ಟು, "ಅತ್ತೆ, ಇವತ್ತು ನನ್ನ ಮೈ ಎಂಥ ವಾಸನೆ ಬರ್ತಿದೆ ಹೇಳಿ ನೋಡೋಣ" ಅಂದಳು.

ಬಾಟ್ಲಕ್ಕ ಎಚ್ಚರದಿಂದ ಹತ್ತಿರ ಬಾಗಿ ಉಸಿರೆಳೆದಳು. ಬೇಸಿಗೆ, ಬಸ್ಸು, ದಿನವಿಡೀ ನಿಂತ ಹುಡುಗಿ. "ಬೆವರು, ಇನ್ನೇನು?" ಅಂದಳು.

ಸೊಸೆ ಅತ್ತೆಯ ಕಡೆ ತಿರುಗಿದಳು. "ಅಂಗಡೀಲಿ ಒಂದಿಡೀ ಸೆಂಟ್ ಬಾಟ್ಲಿ ಒಡೆದು ನನ್ನ ಮೇಲೆ ಚೆಲ್ತು. ಬಸ್ಸಲ್ಲಿ ಜನ ಎದ್ದು ಬೇರೆ ಕಡೆ ಕೂತ್ರು. ಎದುರುಮನೆ ಅಜ್ಜಿ ಸೀನಿ ಸೀನಿ ಬಾಗಿಲು ಹಾಕ್ಕೊಂಡ್ರು." ಆಮೇಲೆ ದನಿ ತಗ್ಗಿಸಿ ಕೇಳಿದಳು, "ಯಾವಾಗಿಂದ ಅತ್ತೆ?"

"ಜ್ವರ ಬಂದಾಗಿಂದ."

"ಅಯ್ಯೋ, ಹೇಳೋದಲ್ವಾ?"

"ಹೇಳಿದ್ರೆ ಇದೆಲ್ಲ ನಿನ್ನ ಕುತ್ತಿಗೆಗೆ ಬರುತ್ತೆ." ಅವಳು ತೊಟ್ಟಿ, ಬ್ರಷ್ಷು, ಬೋರಲು ಬಿದ್ದ ಜಾಡಿಗಳ ಕಡೆ ಗದ್ದ ತೋರಿಸಿದಳು. "ನಿಮ್ಮ ಮಾವನ ಬಾಯಲ್ಲಿ ನಿನ್ನ ಹೆಸರು ಆಗಲೇ ಬಂದಾಗಿದೆ. ಅಲ್ಲಿ ಹಗಲೆಲ್ಲ ನಿಂತು, ಇಲ್ಲಿ ಬಂದು ಕೂತು ತೊಳಿ. ಬೇಡಮ್ಮ."

"ಹಾಗಾದ್ರೆ ನಾನು ಮೂಸಿ ಹೇಳ್ತೀನಿ. ಯಾರಿಗೂ ಗೊತ್ತಾಗಲ್ಲ. ತೊಳೆಯೋದು ನೀವೇ ತೊಳೀರಿ."

"ಇವತ್ತು ಮೂಸ್ತೀಯ, ನಾಳೆ ಒಂದು ಬಾಟ್ಲಿ ಜಾಲಿಸ್ತೀಯ, ನಾಡಿದ್ದು ಈ ಮಣೆ ನಿಂದು. ನಾನೂ ಸ್ವಲ್ಪ ಅಂತಾನೇ ಶುರು ಮಾಡಿದ್ದು. ಬಿಡು, ಬ್ಲೀಚಿಂಗ್ ಹಾಕಿ ಚೆನ್ನಾಗಿ ತೊಳೆದಿದ್ದೀನಿ. ಏನೂ ಆಗಲ್ಲ."

ಸೊಸೆಗೆ ವೈನಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಏನೂ ಆಗಲ್ಲ ಎಂದು ಅವಳೂ ನಂಬಿದಳು. ಕಾಲು ಅಲ್ಲಾಡಿಸಿ ನೀರು ಕದಡಿದಳು.

ವರ್ಷಕ್ಕೊಮ್ಮೆಯ ಆ ಭಾನುವಾರ ಬಂತು.

ಮೇಷ್ಟ್ರು ಬೆಳಿಗ್ಗೆಯಿಂದ ಗಾಜಿನ ಲೋಟಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವನ್ನು ತೊಳೆದಿಟ್ಟಿದ್ದು ಯಾರೆಂದು ಹೇಳಬೇಕಾಗಿಲ್ಲ. ಮೂವರು ಗೆಳೆಯರೂ ಬಂದು ಮುಂದಿನ ಕೋಣೆಯಲ್ಲಿ ಕೂತರು. ಮಗನೂ ಒಂದು ಸ್ಟೂಲು ಎಳೆದುಕೊಂಡ. ಬಿರಡೆ "ಟಪ್" ಎಂದು ಬಂದಾಗ ಹೆಡ್ ಮಾಸ್ತರು ಚಪ್ಪಾಳೆ ತಟ್ಟಿದರು. ಬಾಟ್ಲಕ್ಕ ಒಳಗೆ ತಟ್ಟೆಗೆ ಬಿಸ್ಕತ್ತು ಜೋಡಿಸುತ್ತ, ಎಂದಿನ ಕೈಗುಣದ ಮಾತು ಬರಲೆಂದು ಕಾಯುತ್ತಿದ್ದಳು. ಆ ಮಾತು ಬರಲಿಲ್ಲ.

"ಮೇಷ್ಟ್ರೇ," ಅಂದರು ಹಲ್ಲಿನ ಡಾಕ್ಟರು, ಲೋಟ ಕೆಳಗಿಟ್ಟು. "ತಪ್ಪು ತಿಳ್ಕೋಬೇಡಿ. ಮಳೆಗೆ ನೆಂದ ರಟ್ಟಿನ ಪೆಟ್ಟಿಗೆ ಇರುತ್ತಲ್ಲ..."

ಮೇಷ್ಟ್ರು ತಮ್ಮ ಲೋಟ ಮೂಸಿದರು. ಮುಖ ಸಪ್ಪಗಾಯಿತು. ಎರಡನೆಯ ಬಾಟಲಿ ತೆರೆದರು. ಮೂರನೆಯದು. ಮಂಚದ ಕೆಳಗಿನಿಂದ ಮಗನ ಕೈಲಿ ಇನ್ನಷ್ಟು ತರಿಸಿದರು. ಎಲ್ಲದರಲ್ಲೂ ಅದೇ ಒದ್ದೆ ರಟ್ಟು, ಅದೇ ಹಳೆ ನೆಲಮಾಳಿಗೆ.

"ನಂಗೇನೂ ಅಷ್ಟು ಗೊತ್ತಾಗ್ತಿಲ್ಲಪ್ಪ," ಎಂದು ಹೆಡ್ ಮಾಸ್ತರು ಲೋಟ ಮುಂದೆ ಹಿಡಿದರು. "ಇನ್ನೊಂಚೂರು ಹಾಕಿ, ನೋಡಿ ಹೇಳ್ತೀನಿ."

ಮೇಷ್ಟ್ರು ಪರದೆಯ ಕಡೆ ತಿರುಗಿದರು. "ಏನೇ, ಇಲ್ಲಿ ಬಾ."

ಅಷ್ಟು ವರ್ಷಗಳಲ್ಲಿ ಆ ಭಾನುವಾರದ ಕೂಟಕ್ಕೆ ಅವಳನ್ನು ಕರೆದದ್ದು ಅದೇ ಮೊದಲು. ಬಂದು ನಿಂತಳು. ತಟ್ಟೆ ಕೈಯಲ್ಲೇ ಇತ್ತು.

"ಈ ಸಲ ಏನು ಹಾಕಿ ತೊಳೆದೆ?"

"ಬ್ಲೀಚಿಂಗ್ ಪುಡಿ."

"ಬಿರಡೆಗೂ?" ಎಂದು ಕೇಳಿದವರು ಮೆಡಿಕಲ್ ಸ್ಟೋರಿನವರು. ಅವಳು ತಲೆಯಾಡಿಸಿದಳು. "ಅಲ್ಲೇ ಆಗಿದ್ದು ಮೇಷ್ಟ್ರೇ. ಬಿರಡೆಗೆ ಬ್ಲೀಚಿಂಗ್ ತಾಕಿದ್ರೆ ಹೀಗೇ ಮುಗ್ಗಲು ಹಿಡಿಯುತ್ತೆ. ಇನ್ನೇನು ಮಾಡಿದ್ರೂ ಹೋಗಲ್ಲ."

"ಒಂದು ಬಾಟ್ಲಿ ತೊಳೆಯೋಕೆ ಇಷ್ಟು ವರ್ಷ ಬೇಕಾ ಕಲಿಯೋಕೆ?" ಮೇಷ್ಟ್ರ ದನಿ ಏರಿತು. ಗೆಳೆಯರ ಮುಂದೆ ತಲೆ ತಗ್ಗಿತೆಂಬ ನೋವು ಅವರಿಗೆ. ಆ ನೋವು ಸುಳ್ಳಲ್ಲ, ಅವರ ಕಿವಿ ಕೆಂಪಾಗಿತ್ತು. "ಮೂಸಿ ನೋಡ್ತಿದ್ಯಲ್ಲ ಎಲ್ಲಾನೂ! ಈ ಸಲ ಮೂಸಲಿಲ್ವಾ?"

ಅವಳಿಗೆ ಇದ್ದಕ್ಕಿದ್ದಂತೆ ತುಂಬ ದಣಿವಾಯಿತು. ಇನ್ನೊಂದು ಸುಳ್ಳನ್ನು ಹುಡುಕಿ, ತೊಳೆದು, ಇವರ ಮುಂದೆ ಇಡುವ ಶಕ್ತಿ ಇರಲಿಲ್ಲ.

"ಮೂಸಿದೆ. ನಂಗೆ ವಾಸನೆ ಬರಲ್ಲ. ಜ್ವರ ಬಂದಾಗಿಂದ ಬರಲ್ಲ."

ಹಲ್ಲಿನ ಡಾಕ್ಟರು "ತ್ಚು" ಅಂದರು. ಮಗ ಸ್ಟೂಲಿನಿಂದ ಅರ್ಧ ಎದ್ದ. ಮೇಷ್ಟ್ರು ಹೆಂಡತಿಯನ್ನು ನೋಡಿದರು, ಬಾಟಲಿಯನ್ನು ನೋಡಿದರು. ಅವರ ಬಾಯಿಂದ ಮೊದಲು ಹೊರಟ ಮಾತು ಇದು:

"ಮೊದಲೇ ಹೇಳೋದಲ್ವಾ? ಸೊಸೆ ನೋಡ್ಕೋತಿದ್ಲು. ಸರಿ, ಆಗಿದ್ದಾಯ್ತು. ಇನ್ಮೇಲೆ ನೀನು ಸುಮ್ನೆ ಪಕ್ಕದಲ್ಲಿ ಕೂತು ಹೇಳಿಕೊಡು, ಅವಳು ಮಾಡ್ಲಿ."

ಬಾಟ್ಲಕ್ಕನ ಕೈಯಲ್ಲಿದ್ದ ತಟ್ಟೆ ವಾಲಿ ಒಂದು ಬಿಸ್ಕತ್ತು ಕೆಳಗೆ ಬಿತ್ತು. ಪರದೆ ಸರಿಯಿತು. ನೀರಿನ ಜಗ್ಗು ಹಿಡಿದು ಸೊಸೆ ಬಂದು ಮೇಜಿನ ಮೇಲಿಟ್ಟಳು. ಬಿದ್ದ ಬಿಸ್ಕತ್ತನ್ನು ಬಾಗಿ ಎತ್ತಿಕೊಂಡಳು.

"ನಂಗೂ ಬರಲ್ಲ ಮಾವ."

"ಏನು ಬರಲ್ಲ?"

"ವಾಸನೆ. ಅದೇ ಜ್ವರದಲ್ಲಿ ಹೋಗಿದ್ದು. ಅತ್ತೆಗೆ ಹೋದ ಹಾಗೇ ನಂಗೂ ಹೋಯ್ತು."

ಮಗ ಹೆಂಡತಿಯ ಕಡೆ ನೋಡಿದ. ಅಂದು ಬೆಳಿಗ್ಗೆಯಷ್ಟೇ ಅವಳು, "ನಿನ್ನ ಆ ಸಾಕ್ಸನ್ನ ಮೊದಲು ಹೊರಗೆ ಎಸಿ, ಪ್ರಾಣ ಹೋಗ್ತಿದೆ" ಎಂದು ಅವನನ್ನು ಹಾಸಿಗೆಯಿಂದ ಎಬ್ಬಿಸಿದ್ದಳು. ಸೊಸೆಯೂ ಅವನನ್ನು ನೋಡಿದಳು, ರೆಪ್ಪೆ ಬಡಿಯದೆ.

"ಹೌದೇನೋ?" ಎಂದು ಮೇಷ್ಟ್ರು ಮಗನನ್ನು ಕೇಳಿದರು.

ಬಾಟ್ಲಕ್ಕ ಮಗನ ಬಾಯನ್ನೇ ನೋಡಿದಳು. ಈ ಹುಡುಗ ಅಪ್ಪನ ಮುಂದೆ ಎಂದೂ ಸುಳ್ಳು ಹೇಳಿದವನಲ್ಲ. ಸತ್ಯ ಹೇಳಿದರೂ ಎಂದೂ ಯಾವ ಬಾಟಲಿಯನ್ನೂ ತೊಳೆದವನಲ್ಲ.

ಅವನು ತಾಯಿಯ ಕೈ ನೋಡಿದ. ಬಿರಿದ ಬೆರಳುಗಳನ್ನು ಅವನು ಅದೇ ಮೊದಲು ಕಂಡಂತಿತ್ತು. "ಹ್ಞೂಂ ಅಪ್ಪ," ಅಂದ. "ಬರಲ್ಲ ಅವಳಿಗೆ. ಪಾಪ, ಏನೂ ಬರಲ್ಲ."

"ನಿಂಗೆ?"

"ನಂಗೆ..." ಅವನು ಸುತ್ತ ನೋಡಿದ. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಆಗಲೇ ಅವನು ವೈನ್ ಮೂಸಿ ಮುಖ ಸಿಂಡರಿಸಿದ್ದನ್ನು ಎಲ್ಲರೂ ನೋಡಿದ್ದರು. "ನಂಗೆ ಬರುತ್ತೆ."

"ಹಾಗಾದ್ರೆ ಈ ಮನೇಲಿ ಮೂಗು ಉಳಿದಿರೋದು ಗಂಡಸರಿಗೆ ಮಾತ್ರ!" ಎಂದು ಹೆಡ್ ಮಾಸ್ತರು ತೊಡೆ ತಟ್ಟಿಕೊಂಡು ನಕ್ಕರು. ಅಷ್ಟು ಹೊತ್ತಿಗೆ ಅವರ ಲೋಟ ಮತ್ತೆ ಖಾಲಿಯಾಗಿತ್ತು.

ಮುಂದಿನ ದ್ರಾಕ್ಷಿ ಕಾಲಕ್ಕೆ ಮೇಷ್ಟ್ರು ವೈನ್ ಬಿಟ್ಟೇಬಿಡುತ್ತಾರೆ ಎಂದು ಬಾಟ್ಲಕ್ಕ ಅಂದುಕೊಂಡಿದ್ದಳು. ಬಿಡಲಿಲ್ಲ. ಕೆಟ್ಟ ಹೆಸರಿನ ಮೇಲೆ ನಿಲ್ಲಿಸಲು ಅವರಿಗೆ ಮನಸ್ಸಿರಲಿಲ್ಲ. ಪ್ಯಾಂಟು ಮಡಿಸಿ ಮಣೆಯ ಮೇಲೆ ಕೂತರು. ಮೊದಲ ದಿನ ಜಾಡಿಗೆ ಕುದಿನೀರು ಸುರಿದು ಒಂದನ್ನು ಬಿರುಕು ಬಿಡಿಸಿದರು. ಎರಡನೆಯದಕ್ಕೆ ಬ್ರಷ್ಷು ಹಾಕಿ ಗಸಗಸ ಉಜ್ಜಿದರು. ಒಳಗೆ ಕೂತಿದ್ದ ಬಾಟ್ಲಕ್ಕನ ಹಲ್ಲು ಆ ಸದ್ದಿಗೆ ಜುಮ್ಮೆಂದಿತು. ಉಜ್ಜಬಾರದು, ತಿರುಗಿಸಬೇಕು ಎಂದು ಹೇಳಲು ಬಾಯಿ ತೆರೆದು, ಮುಚ್ಚಿಕೊಂಡಳು. ಆಮೇಲೆ ತಡೆಯಲಾರದೆ ಹೇಳಿಯೇಬಿಟ್ಟಳು, ಕೂತಲ್ಲಿಂದಲೇ. ಅವರು ತೊಳೆದು, ಮೂಸಿ, ಮಗನಿಗೆ ಮೂಸಲು ಕೊಟ್ಟು, ಅವನು "ಇನ್ನೂ ಇದೆ ಅಪ್ಪ" ಅಂದಾಗ ಮತ್ತೆ ತೊಳೆದರು. ಅರ್ಧ ದಿನದಲ್ಲಿ ಸೊಂಟ ಹಿಡಿದುಕೊಂಡು ಎದ್ದರು. "ಈ ಕೆಲಸ ಇಷ್ಟು ಹೊತ್ತು ಹಿಡಿಯುತ್ತಾ?" ಎಂದು ಕೇಳಿದರು. ಅವಳು, "ಹಿಡಿಯುತ್ತೆ" ಎಂದಷ್ಟೇ ಅಂದಳು. ಆ ವರ್ಷ ಒಂದೇ ಒಂದು ಜಾಡಿ ಹಾಕುವುದೆಂದಾಯಿತು. ಚೀಟಿಗೆ ಅಂಟನ್ನು ಮೇಷ್ಟ್ರು ತುದಿಗೆ ಮಾತ್ರ ಹಚ್ಚತೊಡಗಿದರು.

ಮೂಗು ವಾಪಸ್ಸು ಬರಲಿಲ್ಲ. ಎಂದಾದರೂ ಒಂದು ಗಳಿಗೆ ಸುಟ್ಟದ್ದೋ ಹುಳಿಯೋ ಏನೋ ಒಂದು ಎಳೆ ಬಂದಂತಾಗಿ, ಅವಳು ಕೈಲಿದ್ದದ್ದನ್ನು ಬಿಟ್ಟು ನಿಲ್ಲುತ್ತಾಳೆ. ಅಷ್ಟರಲ್ಲಿ ಅದು ಹೋಗಿರುತ್ತದೆ. ಅಡುಗೆ, ಬಟ್ಟೆ, ನೆಲ ಎಲ್ಲ ಹಾಗೇ ಇವೆ. ಅವು ಯಾರ ಮೂಗನ್ನೂ ಕೇಳುವುದಿಲ್ಲ. ಕಡಿಮೆಯಾದದ್ದು ಒಂದು ತೊಟ್ಟಿಯ ಕೆಲಸ.

ಒಂದು ಸಂಜೆ ಸೊಸೆ ಅಂಗಡಿಯಿಂದ ಬಂದು ದೊಡ್ಡ ತೊಟ್ಟಿಗೇ ಬಿಸಿನೀರು ಸುರಿದಳು. "ನೀವೂ ಇಡಿ ಅತ್ತೆ, ಜಾಗ ಇದೆ" ಅಂದಳು. ಬಾಟ್ಲಕ್ಕನಿಗೆ ಸಂಕೋಚವಾಯಿತು. ಆ ತೊಟ್ಟಿಗೆ ಅವಳು ಎಂದೂ ಕಾಲಿಟ್ಟವಳಲ್ಲ. ಇಟ್ಟಳು. ಬಿಸಿ ಮೊಣಕಾಲಿನ ತನಕ ಏರಿತು. ಸೊಸೆ ಅಂಗಡಿಯ ಮ್ಯಾನೇಜರು ಕೆಮ್ಮುವುದನ್ನು ಅಣಕಿಸಿ ತೋರಿಸುತ್ತಿದ್ದವಳು ನಡುವೆ ನಿಂತಳು. ಅವಳ ಮೂಗಿನ ಹೊಳ್ಳೆ ಒಮ್ಮೆ ಅರಳಿತು. ಮತ್ತೆ ಅರಳಿತು. ಆದರೆ ಅವಳು ಕೂತ ಜಾಗ ಬಿಟ್ಟು ಕದಲಲಿಲ್ಲ. ಅಡುಗೆಮನೆಯಲ್ಲಿ ಏನೋ ತಳ ಹತ್ತುತ್ತಿದೆ ಎಂದು ಬಾಟ್ಲಕ್ಕನಿಗೆ ಆ ಹೊಳ್ಳೆ ನೋಡಿಯೇ ತಿಳಿಯಿತು.

ಮೇಷ್ಟ್ರು ಮುಂದಿನ ಕೋಣೆಯಿಂದ ಓಡಿ ಬಂದರು. "ಹಾಲು! ಕಾಫಿಗೆ ಇಟ್ಟು ಮರೆತಿದ್ದೆ! ಇಬ್ರೂ ಇಲ್ಲೇ ಕೂತಿದ್ದೀರಲ್ಲ, ಗೊತ್ತಾಗಲಿಲ್ವಾ?"

"ಹೇಗೆ ಗೊತ್ತಾಗುತ್ತೆ ಮಾವ?" ಅಂದಳು ಸೊಸೆ.

ಅವರು ಅಡುಗೆಮನೆಗೆ ಹೋದರು. ಪಾತ್ರೆ ಇಳಿಸಿದ ಸದ್ದು, ಕೈ ಸುಟ್ಟುಕೊಂಡ ಸದ್ದು, ನಲ್ಲಿಯ ಸದ್ದು ಒಂದಾದ ಮೇಲೊಂದು ಕೇಳಿಸಿತು.

"ತಳ ಹಿಡಿದಿರುತ್ತೆ," ಅಂದಳು ಬಾಟ್ಲಕ್ಕ. "ಈಗ್ಲೇ ನೆನೆಹಾಕದಿದ್ರೆ ಆಮೇಲೆ ಬಿಡಲ್ಲ ಅದು." ಅವಳ ಕೈ ಆಗಲೇ ಗೋಡೆ ಹಿಡಿದಿತ್ತು, ಮೊಣಕಾಲು ಎದ್ದಿತ್ತು.

ಸೊಸೆ ನೀರಿನೊಳಗೆ ತನ್ನ ಊದಿದ ಪಾದವನ್ನು ಎತ್ತಿ ಅತ್ತೆಯ ಪಾದದ ಮೇಲಿಟ್ಟು ಒತ್ತಿ ಹಿಡಿದಳು.

"ಕೂತ್ಕೊಳ್ಳಿ," ಅಂದಳು.